ಶೂನ್ಯಸಂಪಾದನೆ ಮತ್ತು ಅವಧಾನದ ಶಿಕ್ಷಣ: ಒಂದು ವಿವೇಚನೆ

ಉಳವಿ ಎಂದೊಡನೆ ಶರಣ ಸಾಹಿತ್ಯದ ವಾಚಕರ ಮನಸ್ಸು ಉತ್ತರ ಕನ್ನಡ ಜಿಲ್ಲೆಯ ದಟ್ಟಡವಿಯ ನಡುವಣ ಚೆನ್ನಬಸವಣ್ಣನವರ ಐಕ್ಯಸ್ಥಳವನ್ನು ನೆನೆಯುವುದು ಸಹಜವೇ ಆಗಿದೆ. ಈ ಲೇಖನ ಮೊದಲಾಗುವುದು ಆ ಉಳವಿಯಲ್ಲಲ್ಲ, ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಉಳವಿಯಲ್ಲಿ. ಸಮಾಜಕಾರ್ಯದ ಸ್ನಾತಕೋತ್ತರ ವಿದ್ಯಾರ್ಥಿಗಳು ಅಲ್ಲಿ ಗ್ರಾಮೀಣ ಶಿಬಿರ ನಡೆಸುತ್ತಿದ್ದರು. ಸಂಜೆಯ ಸಭೆಯಲ್ಲಿ ವಚನ ಸಾಹಿತ್ಯವನ್ನು ಕುರಿತು ಮಾತನಾಡಲು ನನಗೆ ಕರೆಯಿದ್ದಿತು. ಬಸ್ಸು ಬೇಗ ತಲುಪಿಸಿದ್ದರಿಂದ ಮಧ್ಯಾಹ್ನದ ಅವರ ತರಗತಿಯನ್ನು ಹಿಂದಿನ ಸಾಲಿನಲ್ಲಿ ಕುಳಿತು ನೋಡುವ ಅವಕಾಶ ಒದಗಿತು.

ಶಾಲೆಯ ಕೊಠಡಿಯೊಂದರಲ್ಲಿ ಒಂದು ಅಣಕು ಸಂದರ್ಶನ ನಡೆದಿತ್ತು. ಒಬ್ಬ ವಿದ್ಯಾರ್ಥಿನಿ ಗಂಡನನ್ನು ಕಳೆದುಕೊಂಡು ವಿಧವಾ ವೇತನ ಕೇಳಲು ಬಂದ ಹೆಂಗಸಿನ ಪಾತ್ರ ವಹಿಸಿದ್ದಳು. ಇನ್ನೊಬ್ಬಳು ಸಮಾಜ ಕಾರ್ಯಕರ್ತೆ. ಹೆಸರು, ವಯಸ್ಸು, ಮಕ್ಕಳೆಷ್ಟು, ಪಡಿತರ ಚೀಟಿ ಇದೆಯೇ ಎಂದು ಕಾರ್ಯಕರ್ತೆ ಕೇಳುತ್ತ ಬರೆದುಕೊಳ್ಳುತ್ತಿದ್ದಳು. ಪಾತ್ರಧಾರಿ ಒಂದು ಮಾತಿನ ನಡುವೆ ಸುಮ್ಮನಾದಳು. ಕಾರ್ಯಕರ್ತೆ ತಲೆಯೆತ್ತದೆ, ‘ಮುಂದೆ ಹೇಳಿ’ ಎಂದಳು. ಅಧ್ಯಾಪಕರು ಚಪ್ಪಾಳೆ ತಟ್ಟಿ ಆಟವನ್ನು ನಿಲ್ಲಿಸಿದರು. ‘ಆಕೆ ಮಾತು ನಿಲ್ಲಿಸಿದಾಗ ನಿನ್ನ ಕಣ್ಣು ಎಲ್ಲಿತ್ತಮ್ಮ?’ ಎಂದು ಕೇಳಿದರು. ‘ಪುಸ್ತಕದ ಮೇಲೆ, ಸರ್.’ ‘ಮನಸ್ಸು?’ ಹುಡುಗಿ ಸ್ವಲ್ಪ ಯೋಚಿಸಿ, ‘ಮುಂದಿನ ಪ್ರಶ್ನೆಯ ಮೇಲೆ’ ಎಂದಳು. ಎಲ್ಲರೂ ಎರಡು ನಿಮಿಷ ಕಣ್ಣುಮುಚ್ಚಿ ಉಸಿರಾಟವನ್ನು ಗಮನಿಸಿದರು. ಆಟ ಮತ್ತೆ ಆರಂಭವಾಯಿತು. ಈ ಸಲ ಹುಡುಗಿ ಪುಸ್ತಕ ಮುಚ್ಚಿಟ್ಟಿದ್ದಳು. ಆದರೆ ತನ್ನ ಉಸಿರಿನ ಮೇಲೆ ಎಷ್ಟು ಲಕ್ಷ್ಯವಿಟ್ಟಿದ್ದಳೆಂದರೆ, ಎದುರಿಗಿದ್ದವಳು ಮತ್ತೆ ಸುಮ್ಮನಾದುದು ಅವಳಿಗೆ ಮತ್ತೆ ತಿಳಿಯಲಿಲ್ಲ. ಅಷ್ಟರಲ್ಲಿ ಊಟದ ಗಂಟೆ ಬಾರಿಸಿತು.

ಈ ಎರಡು ಸೋಲುಗಳು ನನ್ನನ್ನು ಶೂನ್ಯಸಂಪಾದನೆಯ ಕಡೆಗೆ ಕರೆದೊಯ್ದವು. ಅದಕ್ಕೆ ಮುನ್ನ ಈ ಪದ್ಧತಿಯ ಪೂರ್ವಾಪರವನ್ನು ಸ್ವಲ್ಪ ಹೇಳಬೇಕಾಗಿದೆ.

ಭಾರತದಲ್ಲಿ ಸಮಾಜಕಾರ್ಯದ ಶಾಸ್ತ್ರೀಯ ಶಿಕ್ಷಣ ೧೯೩೬ರಲ್ಲಿ ಮುಂಬಯಿಯ ಸರ್ ದೊರಾಬ್ಜಿ ಟಾಟಾ ಶಾಲೆಯಿಂದ ಆರಂಭವಾಯಿತು. ಕನ್ನಡ ನಾಡಿನಲ್ಲಿ ಮಂಗಳೂರಿನ ರೋಶನಿ ನಿಲಯ ೧೯೬೦ರಲ್ಲಿ ಹುಟ್ಟಿತು. ಕೃತಕ ಸನ್ನಿವೇಶದಲ್ಲಿ ವಿದ್ಯಾರ್ಥಿಯನ್ನು ಪಳಗಿಸುವ ಕ್ರಮಕ್ಕೆ ವೈದ್ಯಶಿಕ್ಷಣ ಮೇಲ್ಪಂಕ್ತಿಯಾಯಿತು: ೧೯೬೩ರಲ್ಲಿ ಅಮೆರಿಕೆಯ ಹೋವರ್ಡ್ ಬ್ಯಾರೋಸ್ ಎಂಬ ವೈದ್ಯರು ಆರೋಗ್ಯವಂತರಿಗೆ ರೋಗಿಗಳ ಪಾತ್ರ ಕಲಿಸಿ ವಿದ್ಯಾರ್ಥಿಗಳ ಮುಂದೆ ಕೂರಿಸಿದರು. ಇನ್ನು ‘ಮೈಂಡ್‌ಫುಲ್‌ನೆಸ್’ ಎಂದು ಇಂದು ಲೋಕವೆಲ್ಲ ಹೇಳುವ ಅಭ್ಯಾಸವನ್ನು ಜಾನ್ ಕಬಟ್-ಜಿನ್ ಎಂಬವರು ೧೯೭೯ರಲ್ಲಿ ಮ್ಯಾಸಚೂಸೆಟ್ಸ್‌ನ ವೈದ್ಯಕೀಯ ವಿದ್ಯಾಲಯಕ್ಕೆ ತಂದರು. ಅದರ ಬೇರು ಬೌದ್ಧರ ಸ್ಮೃತಿ ಸಾಧನೆಯಲ್ಲಿದೆ. ಬಹು ದೂರದ ಸರಕೆಂದು ನಾವು ಭಾವಿಸುವ ಇದರ ಮೂಲದವರು ಒಂದು ಕಾಲಕ್ಕೆ ನಮ್ಮ ನೆರೆಯಲ್ಲಿಯೇ ಇದ್ದರು. ಉಳವಿಗೆ ನೆರೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ೧೧ನೆಯ ಶತಮಾನದಲ್ಲಿ ಬೌದ್ಧವಿಹಾರವಿದ್ದಿತೆಂದು ಶಾಸನಗಳು ಹೇಳುತ್ತವೆ. ಅದೇ ಊರಿನ ಕೋಡಿಯಮಠವನ್ನು ೧೧೬೨ರ ಶಾಸನವೊಂದು ವಿಸ್ತಾರವಾಗಿ ವರ್ಣಿಸುತ್ತದೆ. ವ್ಯಾಕರಣ, ದರ್ಶನ, ಕಾವ್ಯ, ನಾಟಕಗಳನ್ನು ಕಲಿಸುತ್ತಿದ್ದ ಆ ಕಾಳಾಮುಖ ಮಠವೇ ಅನಾಥರಿಗೆ ಅನ್ನವಿಕ್ಕುವ, ರೋಗಿಗಳಿಗೆ ಮದ್ದು ಕೊಡುವ, ಭೀತರಿಗೆ ಅಭಯವೀಯುವ ಸ್ಥಾನವೂ ಆಗಿದ್ದಿತು. ವಿದ್ಯೆಯನ್ನೂ ಸೇವೆಯನ್ನೂ ಬೇರೆ ಬೇರೆ ಇಲಾಖೆಗಳೆಂದು ಆ ಶಾಸನ ಬರೆದವನು ತಿಳಿದಿರಲಿಲ್ಲ. ಪರಂಪರೆಯಂತೆ ಅಲ್ಲಮಪ್ರಭುದೇವರ ಹುಟ್ಟೂರು ಇದೇ ಬಳ್ಳಿಗಾವಿ; ಅಕ್ಕಮಹಾದೇವಿಯವರ ಉಡುತಡಿಯೂ ಇದೇ ತಾಲ್ಲೂಕಿನಲ್ಲಿದೆ.

ಈಗ ಶೂನ್ಯಸಂಪಾದನೆಯ ವಿಷಯ. ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯದೇವ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಎಂಬ ನಾಲ್ವರು ವಿಜಯನಗರದ ಕಾಲದಲ್ಲಿ, ಎಂದರೆ ಶರಣರು ಮರೆಯಾಗಿ ಶತಮಾನಗಳು ಸಂದ ಮೇಲೆ, ಬಿಡಿಬಿಡಿಯಾಗಿದ್ದ ವಚನಗಳನ್ನು ಸಂವಾದರೂಪಕ್ಕೆ ತಂದರೆಂಬುದು ವಿದಿತವೇ ಆಗಿದೆ. ಈ ಸಂವಾದಗಳು ಇದ್ದಂತೆಯೇ ನಡೆದವೆಂದು ಇಂದು ಯಾವ ಸಂಶೋಧಕರೂ ವಾದಿಸುವುದಿಲ್ಲ. ಒಂದೇ ವಚನ ಒಬ್ಬ ಸಂಪಾದನಕಾರನಲ್ಲಿ ಒಂದು ಪ್ರಶ್ನೆಗೆ, ಇನ್ನೊಬ್ಬನಲ್ಲಿ ಬೇರೊಂದಕ್ಕೆ ಉತ್ತರವಾಗಿ ನಿಲ್ಲುತ್ತದೆ. ಸಿದ್ಧರಾಮರ ಇಷ್ಟಲಿಂಗ ದೀಕ್ಷೆಯಂಥ ಮುಖ್ಯ ವಿಷಯದಲ್ಲಿಯೂ ಈ ಕೃತಿಗಳೊಳಗೆ ಏಕವಾಕ್ಯತೆಯಿಲ್ಲ. ಆದಕಾರಣ ಕೆಲವರು ಇದನ್ನು ಇತಿಹಾಸಕ್ಕೆ ಬಗೆದ ಅಪಚಾರವೆಂದು ತಿಳಿದರು. ಭಕ್ತರಲ್ಲಿ ಕೆಲವರು ಸಂಶೋಧಕರ ಮಾತನ್ನೇ ಅಪಚಾರವೆಂದು ತಿಳಿದರು. ಎರಡು ಪಕ್ಷಗಳೂ ಒಂದೇ ತಪ್ಪನ್ನು ಮಾಡಿವೆಯೆಂದು ನನ್ನ ಭಾವನೆ. ಸಂಪಾದನೆಯನ್ನು ವರದಿಯೆಂದು ಓದಿದರೆ ಮಾತ್ರ ಈ ಜಗಳ ಹುಟ್ಟುತ್ತದೆ. ಅದನ್ನು ಅಭ್ಯಾಸದ ಪಾಠವೆಂದು ಓದಿದವರಿಗೆ ಜಗಳಕ್ಕೆ ಆಸ್ಪದವೇ ಇಲ್ಲ. ಸಂಪಾದನಕಾರರು ಮಾಡಿದುದು ಉಳವಿಯ ಆ ಅಧ್ಯಾಪಕರು ಮಾಡಿದ ಕೆಲಸವನ್ನೇ: ನಿಜವಾದ ಮಾತುಗಳನ್ನು ತೆಗೆದುಕೊಂಡು, ಕಲ್ಪಿತ ಸನ್ನಿವೇಶದಲ್ಲಿ ನಿಲ್ಲಿಸಿ, ನಡುನಡುವೆ ಗದ್ಯದಲ್ಲಿ ಆಟವನ್ನು ತಡೆದು, ಇಲ್ಲಿ ಯಾರ ಮನಸ್ಸು ಎಲ್ಲಿತ್ತು ಎಂದು ಓದುಗನನ್ನು ಕೇಳುವುದು. ನಮ್ಮ ವಿಮರ್ಶಕರು ವಚನಗಳ ಸೊಬಗನ್ನು ಕೊಂಡಾಡಿ ಆ ಸೇತುಗದ್ಯವನ್ನು ಕಡೆಗಣಿಸಿದ್ದಾರೆ. ಸಂಪಾದನಕಾರರ ಸ್ವಂತ ಪ್ರತಿಭೆ ಇರುವುದು ಅಲ್ಲಿಯೇ.

ಸಿದ್ಧರಾಮರ ಪ್ರಸಂಗವನ್ನೇ ತೆಗೆದುಕೊಳ್ಳೋಣ. ಸಮಾಜಕಾರ್ಯದ ವಿದ್ಯಾರ್ಥಿಗೆ ಇದಕ್ಕಿಂತ ಹತ್ತಿರದ ಪಾಠ ನಮ್ಮ ಸಾಹಿತ್ಯದಲ್ಲಿ ಇನ್ನೊಂದಿಲ್ಲ. ಸೊನ್ನಲಿಗೆಯಲ್ಲಿ ಸಿದ್ಧರಾಮರು ಕೆರೆ ತೋಡಿಸುತ್ತಿದ್ದಾರೆ, ಗುಡಿ ಕಟ್ಟಿಸುತ್ತಿದ್ದಾರೆ. ಲೋಕೋಪಕಾರದಲ್ಲಿ ಅವರನ್ನು ಮೀರಿಸುವವರಿಲ್ಲ. ಅಲ್ಲಿಗೆ ಬಂದ ಪ್ರಭುದೇವರು, ಮಣ್ಣು ಹೊರುತ್ತಿದ್ದವರನ್ನು ಕಂಡು, ನಿಮ್ಮ ಒಡ್ಡರಾಮ ಎಲ್ಲಿ ಎಂದು ಕೇಳುತ್ತಾರೆ. ಕೆಲಸದವರು ಕೆರಳಿ ಕಲ್ಲೆಸೆಯುತ್ತಾರೆ. ಸುದ್ದಿ ಸಿದ್ಧರಾಮರಿಗೆ ಮುಟ್ಟುತ್ತದೆ. ಅವರು ಸಿಟ್ಟಿನಿಂದ ಬರುತ್ತಾರೆ, ಹಣೆಗಣ್ಣಿನ ಉರಿ ಹೊಮ್ಮುತ್ತದೆ. ಪ್ರಭುದೇವರು ಆ ಉರಿಯನ್ನು ಶಮನಗೊಳಿಸುತ್ತಾರೆ. ಆ ಬಳಿಕ ಮಾತು ಮೊದಲಾಗುತ್ತದೆ.

ಪವಾಡದ ಅಂಶವನ್ನು ಭಕ್ತರು ನಂಬಲಿ, ಇತರರು ಬಿಡಲಿ; ಕಥನದ ರಚನೆ ಗಮನಾರ್ಹವಾಗಿದೆ. ಪ್ರಭುದೇವರಿಗೆ ಸಿದ್ಧರಾಮರ ಮೇಲೆ ದ್ವೇಷವಿಲ್ಲ. ಆ ಬೈಗುಳ ಕೃತಕವಾದುದು, ಪಾತ್ರಕ್ಕಾಗಿ ಧರಿಸಿದುದು. ಅದಕ್ಕೆ ಹುಟ್ಟಿದ ಸಿಟ್ಟು ಮಾತ್ರ ನಿಜವಾದುದು. ಅಣಕು ಶಿಕ್ಷಣದ ರಹಸ್ಯವೆಲ್ಲ ಇಷ್ಟರಲ್ಲಿಯೇ ಇದೆ: ಸನ್ನಿವೇಶ ಸುಳ್ಳಾಗಿದ್ದರೂ ಅದರಲ್ಲಿ ಏಳುವ ಚಿತ್ತವಿಕಾರ ಸುಳ್ಳಲ್ಲ. ಸಿದ್ಧರಾಮರು ತಮ್ಮೊಳಗೆ ಅಂಥ ಉರಿಯಿದೆಯೆಂದು ಅಂದಿನವರೆಗೆ ಅರಿತಿರಲಿಲ್ಲ. ‘ನಾನು ಮಾಡಿಸಿದೆ’ ಎಂಬ ಭಾವ ಕೆರೆಯ ಏರಿಯಷ್ಟೇ ದಪ್ಪವಾಗಿ ಬೆಳೆದಿದ್ದಿತು. ಹೊಗಳುವ ಜನರ ನಡುವೆ ಅದು ಕಾಣುವಂತಿರಲಿಲ್ಲ, ಒಬ್ಬ ಅಪರಿಚಿತನ ಒರಟು ಮಾತಿಗೆ ಕಂಡಿತು. ಪ್ರಭುದೇವರ ಆಕ್ಷೇಪ ಕೆರೆಯ ಮೇಲಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಈ ಪ್ರಸಂಗವನ್ನು ಲೋಕಸೇವೆಗಿಂತ ಯೋಗ ಮೇಲೆಂಬ ಅರ್ಥದಲ್ಲಿ ಉಪನ್ಯಾಸಗಳಲ್ಲಿ ಬಳಸುವುದುಂಟು. ಹಾಗೆ ಬಳಸುವವರು ಕೆರೆಯ ನೀರನ್ನು ಕುಡಿಯದವರಿರಬೇಕು.

ಸಂಪಾದನೆ ಇಷ್ಟಕ್ಕೆ ನಿಂತಿದ್ದರೆ, ಅದು ಹೊರಗಿನ ದುಡಿಮೆಯನ್ನು ಹಳಿದು ಒಳಗಿನ ಧ್ಯಾನವನ್ನು ಹೊಗಳಿತೆಂದು ಹೇಳಬಹುದಾಗಿತ್ತು. ಆದರೆ ಮುಂದಿನ ಪ್ರಸಂಗವೇ ಅದಕ್ಕೆ ಉತ್ತರವಾಗಿದೆ. ಪ್ರಭುದೇವರು ಸಿದ್ಧರಾಮರೊಡನೆ ಕಲ್ಯಾಣಕ್ಕೆ ಬಂದು ಬಸವಣ್ಣನವರ ಮಹಾಮನೆಯ ಬಾಗಿಲಲ್ಲಿ ನಿಲ್ಲುತ್ತಾರೆ. ಬಸವಣ್ಣನವರು ಒಳಗೆ ಲಿಂಗಪೂಜೆಯಲ್ಲಿದ್ದಾರೆ. ತಾವು ಏಳದೆ ಹಡಪದ ಅಪ್ಪಣ್ಣನವರನ್ನು ಕಳುಹಿಸುತ್ತಾರೆ. ಪ್ರಭುದೇವರು ಒಳಗೆ ಬರಲು ಒಪ್ಪುವುದಿಲ್ಲ. ಲಿಂಗದ ಮೇಲೆ ದೃಷ್ಟಿಯಿಟ್ಟವನು ಬಾಗಿಲಿಗೆ ಬಂದ ಜಂಗಮವನ್ನು ಕಾಣದೆಹೋದರೆ ಆ ದೃಷ್ಟಿಯ ಬೆಲೆಯೇನು ಎಂಬುದು ವಿವಾದದ ತಿರುಳು. ಚೆನ್ನಬಸವಣ್ಣನವರು ಸ್ವಂತ ಸೋದರಮಾವನನ್ನೇ ಈ ಬಗ್ಗೆ ಎಚ್ಚರಿಸುತ್ತಾರೆ. ಭಕ್ತಿಭಂಡಾರಿಯನ್ನು ತಪ್ಪಿನಲ್ಲಿ ನಿಲ್ಲಿಸಿ ತೋರಿಸುವ ಧೈರ್ಯ ಸಂಪಾದನಕಾರರಿಗಿತ್ತು. ನಮ್ಮ ಇಂದಿನ ಚರಿತ್ರೆಕಾರರಿಗೆ ಅದು ಇದೆಯೇ ಎಂಬುದು ಬೇರೆಯ ಪ್ರಶ್ನೆ.

ಉಳವಿಯ ಹುಡುಗಿಯ ಮೊದಲ ಸೋಲು ಸಿದ್ಧರಾಮರದು, ಎರಡನೆಯದು ಬಸವಣ್ಣನವರದು. ಒಮ್ಮೆ ಕೆಲಸ ಕಣ್ಣನ್ನು ಕಟ್ಟಿತು. ಇನ್ನೊಮ್ಮೆ ಧ್ಯಾನವೇ ಕಟ್ಟಿತು. ಉಸಿರನ್ನು ನೋಡುವ ಅಭ್ಯಾಸದಿಂದ ಮನಸ್ಸು ಶಾಂತವಾಗುವುದು ನಿಜ. ಆದರೆ ಆ ಶಾಂತಿಯನ್ನು ತನ್ನ ನೆಮ್ಮದಿಗೆ ಬಳಸಿಕೊಂಡು ಎದುರಿನವಳನ್ನು ಬಾಗಿಲಲ್ಲಿ ನಿಲ್ಲಿಸಿದರೆ ಸಮಾಜಕಾರ್ಯಕ್ಕೆ ಅದರಿಂದ ಆದ ಲಾಭವೇನು? ಇಂದಿನ ಅವಧಾನ ಶಿಕ್ಷಣದ ಮೇಲೆ ನನಗಿರುವ ಮುಖ್ಯ ಆಕ್ಷೇಪ ಇದು. ಆತ್ಮಶೋಧನೆಯ ಹೆಸರಿನಲ್ಲಿ ಕಾರ್ಯಕರ್ತನ ಆಯಾಸಪರಿಹಾರವೇ ಅದರ ಗುರಿಯಾಗಿಬಿಡುವ ಅಪಾಯವಿದೆ.

ನಮ್ಮ ಶಾಸ್ತ್ರದಲ್ಲಿ ಅವಧಾನಕ್ಕೆ ಒಂದು ನಿಶ್ಚಿತ ಸ್ಥಾನವಿದೆ. ಶ್ರದ್ಧೆ, ನಿಷ್ಠೆ, ಅವಧಾನ, ಅನುಭವ, ಆನಂದ, ಸಮರಸ ಎಂಬ ಆರು ಭಕ್ತಿಗಳಲ್ಲಿ ಅದು ಮೂರನೆಯದು, ಪ್ರಸಾದಿಸ್ಥಲಕ್ಕೆ ಸಂಬಂಧಿಸಿದುದು. ಪ್ರಸಾದಿಯೆಂದರೆ ಬಂದುದನ್ನು ಬಂದಂತೆಯೇ ಬಾಚಿಕೊಳ್ಳುವವನಲ್ಲ. ಯಾವ ಪದಾರ್ಥವೇ ಆಗಲಿ, ಅದು ಲಿಂಗಕ್ಕೆ ಅರ್ಪಿತವಾಯಿತೇ ಎಂದು ಕ್ಷಣಕ್ಷಣವೂ ಎಚ್ಚರವಿದ್ದು, ಅನರ್ಪಿತವನ್ನು ಮುಟ್ಟದೆ, ಅರ್ಪಿತವನ್ನು ಪ್ರಸಾದವೆಂದು ಸ್ವೀಕರಿಸುವವನು. ಆದುದರಿಂದ ವೀರಶೈವರ ಅವಧಾನ ಸ್ವೀಕಾರದ ಅವಧಾನ. ತನ್ನೊಳಗಣ ಉಸಿರನ್ನಷ್ಟೇ ನೋಡುತ್ತ ಕುಳಿತುಕೊಳ್ಳುವುದಲ್ಲ, ಹೊರಗಿನಿಂದ ತನ್ನ ಬಳಿಗೆ ಬರುತ್ತಿರುವುದೇನೆಂದು ತಿಳಿದು ಕೈನೀಡುವುದು. ಷಟ್‌ಸ್ಥಲದ ವಿವರಣೆಯಲ್ಲಿ ಈ ಸ್ಥಲಕ್ಕೆ ಹೇಳಿರುವ ಇಂದ್ರಿಯ ನೇತ್ರ, ವಿಷಯ ರೂಪ. ಆ ಅಧ್ಯಾಪಕರು ‘ನಿನ್ನ ಕಣ್ಣು ಎಲ್ಲಿತ್ತಮ್ಮ’ ಎಂದು ಕೇಳಿದಾಗ ಅವರಿಗೆ ಈ ಶಾಸ್ತ್ರ ನೆನಪಿದ್ದಿತೋ ಇಲ್ಲವೋ, ಪ್ರಶ್ನೆಯಂತೂ ಶಾಸ್ತ್ರಸಮ್ಮತವಾಗಿಯೇ ಇದ್ದಿತು. ದುಃಖಿಯೊಬ್ಬಳು ಹೇಳುವ ಮಾತೂ ಒಂದು ಪದಾರ್ಥವೇ. ಅದನ್ನು ನಮೂನೆಯ ಅಂಕಣಗಳಿಗೆ ತುಂಬಿಕೊಳ್ಳುವುದು ಅನರ್ಪಿತವನ್ನು ಉಂಡಂತೆ.

ಅವಧಾನದ ಹಿಂದೆ ಶ್ರದ್ಧೆ ನಿಷ್ಠೆಗಳಿವೆ, ಮುಂದೆ ಅನುಭವವಿದೆ ಎಂಬುದನ್ನೂ ಮರೆಯಲಾಗದು. ಎಂಟು ವಾರಗಳ ಪಾಠಕ್ರಮದಲ್ಲಿ ನಡುವಣ ಮೆಟ್ಟಿಲೊಂದನ್ನು ಕಿತ್ತು ತಂದು ಬಯಲಿನಲ್ಲಿಟ್ಟರೆ ಅದನ್ನು ಹತ್ತಿ ಎಲ್ಲಿಗೆ ಹೋಗುವುದು? ಇದಕ್ಕೆ ಆಧುನಿಕರ ಉತ್ತರ ನನಗೆ ಗೊತ್ತಿದೆ: ವಿದ್ಯಾಲಯದಲ್ಲಿ ನಾನಾ ಮತಗಳವರು ಕಲಿಯುತ್ತಾರೆ, ಯಾರ ಶ್ರದ್ಧೆಯನ್ನೂ ಪಾಠ ಮಾಡಲಾಗದು. ಈ ಮಾತಿನಲ್ಲಿ ಹುರುಳಿದೆ. ಆದರೆ ಶ್ರದ್ಧೆ ಎಂದರೆ ಮತವೆಂದೇ ಏಕೆ ತಿಳಿಯಬೇಕು? ಎದುರು ಕುಳಿತವಳ ಬಾಳಿಗೆ ಬೆಲೆಯಿದೆಯೆಂಬ ನಂಬುಗೆ ಮೊದಲೇ ಇಲ್ಲದವನಿಗೆ ಅವಧಾನ ಕಲಿಸಿದರೆ ಅವನು ಚತುರನಾದ ಗುಮಾಸ್ತನಾದಾನು.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರ ಪ್ರಸಂಗ ಈ ನಂಬುಗೆಯನ್ನು ಅಕ್ಕಿಯ ಲೆಕ್ಕದಲ್ಲಿ ತೋರಿಸುತ್ತದೆ. ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುವ ಕಾಯಕ ಮಾರಯ್ಯನವರದು. ಅನುಭಾವದ ಮಾತಿನಲ್ಲಿ ಮೈಮರೆತ ಪತಿಗೆ ಕಾಯಕದ ಹೊತ್ತಾಯಿತೆಂದು ನೆನಪಿಸುವವರು ಲಕ್ಕಮ್ಮನವರು. ಅಂದು ಮಾಮೂಲಿಗಿಂತ ಹೆಚ್ಚು ಅಕ್ಕಿ ತಂದಾಗ, ಬೇಕಾದುದಕ್ಕಿಂತ ಮಿಕ್ಕುದನ್ನು ಅಲ್ಲಿಯೇ ಸುರಿದು ಬನ್ನಿ ಎಂದವರೂ ಅವರೇ. ಮಾರಯ್ಯನವರು ಕದ್ದಿರಲಿಲ್ಲ, ಸುಳ್ಳಾಡಿರಲಿಲ್ಲ. ಕೈ ತನ್ನಷ್ಟಕ್ಕೆ ಹೆಚ್ಚು ಬಾಚಿತ್ತು, ಅಷ್ಟೆ. ಕೈಯ ಆ ಮರೆವನ್ನು ಹಿಡಿದುದು ಪೀಠದ ಮೇಲಿನ ಗುರುವಲ್ಲ, ಒಲೆಯ ಮುಂದಿದ್ದ ಹೆಂಡತಿ. ಸಮಾಜಸೇವೆಯ ಹಣವನ್ನು ನಿರ್ವಹಿಸುವ ಸಂಸ್ಥೆಗಳು, ಮಠಗಳನ್ನೂ ಸೇರಿಸಿ ಹೇಳುತ್ತಿದ್ದೇನೆ, ಈ ಪ್ರಸಂಗವನ್ನು ಆಗಾಗ ಓದಿಕೊಳ್ಳಬಹುದು.

ಇಲ್ಲಿಯವರೆಗೆ ಸಂಪಾದನೆಯ ಬೋಧನಕ್ರಮವನ್ನು ಮೆಚ್ಚಿ ಬರೆದಿದ್ದೇನೆ. ಅದರಲ್ಲಿ ನನ್ನ ಮನಸ್ಸಿಗೆ ಒಪ್ಪದ ಭಾಗವೂ ಒಂದಿದೆ. ಅಕ್ಕಮಹಾದೇವಿಯವರು ಕಲ್ಯಾಣಕ್ಕೆ ಬಂದಾಗ ಮೊದಲು ಕಿನ್ನರಿ ಬೊಮ್ಮಯ್ಯನವರು, ಅನಂತರ ತುಂಬಿದ ಸಭೆಯಲ್ಲಿ ಪ್ರಭುದೇವರು ಅವರನ್ನು ಪರೀಕ್ಷಿಸುತ್ತಾರೆ. ಯೌವನದಲ್ಲಿರುವ ನೀನು ಏಕೆ ಬಂದೆ, ಪತಿ ಯಾರು, ಉಡುಗೆಯ ಹಂಗು ತೊರೆದವಳು ಕೇಶದಿಂದೇಕೆ ಮರೆಮಾಡಿಕೊಂಡೆ ಎಂದು ಪ್ರಶ್ನೆಗಳು ಒಂದರ ಮೇಲೊಂದು ಬೀಳುತ್ತವೆ. ವ್ಯಾಖ್ಯಾನಕಾರರು ಇದಕ್ಕೆ ಸಮಾಧಾನ ಹೇಳಿದ್ದಾರೆ: ಪ್ರಭುದೇವರಿಗೆ ಸಂದೇಹವಿರಲಿಲ್ಲ, ಸಭೆಯ ಸಂದೇಹಕ್ಕೆ ಅವರು ಬಾಯಾದರು, ಅಕ್ಕನ ಹಿರಿಮೆ ಲೋಕಕ್ಕೆ ತಿಳಿಯಲೆಂದು ಒರೆಗೆ ಹಚ್ಚಿದರು. ಈ ಸಮಾಧಾನ ನಾಟಕದ ದೃಷ್ಟಿಯಿಂದ ಸರಿ. ಅಕ್ಕನ ಉತ್ತರಗಳು ಪ್ರಶ್ನೆಗಳನ್ನು ಮೀರಿಸುತ್ತವೆ ಎಂಬುದೂ ನಿಜ. ಆದರೂ ಒಬ್ಬ ಅಧ್ಯಾಪಕನ ದೃಷ್ಟಿಯಿಂದ ನೋಡಿದಾಗ ಸಂಕೋಚವಾಗುತ್ತದೆ. ಉಡುತಡಿಯಿಂದ ಒಬ್ಬಳೇ ನಡೆದು ಬಂದವಳ ಪರೀಕ್ಷೆ ದಾರಿಯಲ್ಲಿಯೇ ಮುಗಿದಿತ್ತು. ಅದು ಅಣಕಿನ ಪರೀಕ್ಷೆಯಾಗಿರಲಿಲ್ಲ. ನಿಜವಾಗಿ ಸುಟ್ಟುಕೊಂಡವರನ್ನು ಮತ್ತೆ ಕೃತಕ ಬೆಂಕಿಯ ಮುಂದೆ ನಿಲ್ಲಿಸುವುದು ಯಾರ ಕಲಿಕೆಗೆ? ಸಭೆಯ ಕಲಿಕೆಗೆ ಎಂದಾದರೆ, ಅದರ ವೆಚ್ಚವನ್ನು ತೆತ್ತವರು ಅಕ್ಕ. ಇಂದಿನ ತರಗತಿಗಳಲ್ಲಿಯೂ ಇದೇ ಆಗುವುದುಂಟು. ತಂದೆಯನ್ನು ಕಳೆದುಕೊಂಡ ವಿದ್ಯಾರ್ಥಿಗೇ ಶೋಕದ ಪಾತ್ರ ಬಂದುಬಿಡಬಹುದು. ಅಧ್ಯಾಪಕ ಅದನ್ನು ಮೊದಲೇ ವಿಚಾರಿಸಬೇಕು, ‘ಬೇಡ’ ಎನ್ನುವ ಹಕ್ಕನ್ನು ಕೊಡಬೇಕು. ಅನುಭವ ಮಂಟಪದ ಬಾಗಿಲಲ್ಲಿ ಅಕ್ಕನಿಗೆ ಆ ಹಕ್ಕನ್ನು ಯಾರೂ ಕೊಟ್ಟಂತೆ ಕಾಣುವುದಿಲ್ಲ. ಭಕ್ತ ವಾಚಕರು ಇದನ್ನು ಪ್ರಭುನಿಂದೆಯೆಂದು ತಿಳಿಯಬಾರದು. ನನ್ನ ಆಕ್ಷೇಪ ಸನ್ನಿವೇಶವನ್ನು ಹೆಣೆದ ಸಂಪಾದನಕಾರರ ಮೇಲೆ.

ಇದಕ್ಕಿಂತ ಮುಕ್ತಾಯಕ್ಕನ ಪ್ರಸಂಗ ಎಷ್ಟೋ ಮೇಲಾದುದು. ಅಣ್ಣ ಅಜಗಣ್ಣ ತೀರಿಹೋಗಿದ್ದಾರೆ. ಅಣ್ಣನೇ ಗುರುವೂ ಆಗಿದ್ದರು. ಅಳುತ್ತಿರುವ ತಂಗಿಯ ಬಳಿಗೆ ಪ್ರಭುದೇವರು ಬರುತ್ತಾರೆ. ಅವರು ಕೂಡಲೇ ಸಂತೈಸುವುದಿಲ್ಲ, ಬುದ್ಧಿಯನ್ನೂ ಹೇಳುವುದಿಲ್ಲ. ನೀನಾರು, ಯಾರಿಗಾಗಿ ಈ ಅಳಲು ಎಂದು ಕೇಳುತ್ತಾರೆ. ಮುಕ್ತಾಯಕ್ಕ ತಮ್ಮ ಅಳಲನ್ನು ಬಿಟ್ಟುಕೊಡುವುದಿಲ್ಲ. ಅಷ್ಟೇ ಅಲ್ಲ, ಅರಿತವನಿಗೆ ಇಷ್ಟೊಂದು ಮಾತೇಕೆ ಎಂದು ತಿರುಗಿ ಪ್ರಭುದೇವರನ್ನೇ ಹಿಡಿಯುತ್ತಾರೆ. ಗುರುವಿನ ಮಾತಿನ ಹುರುಳನ್ನು ಶಿಷ್ಯೆ ತೂಗಿ ನೋಡುವ ಈ ಭಾಗದಲ್ಲಿ ಸಂವಾದ ನಿಜವಾಗಿ ಎರಡು ದಿಕ್ಕಿಗೆ ಹರಿಯುತ್ತದೆ. ಪ್ರಭುದೇವರಿಗೂ ಇಲ್ಲಿ ಎಚ್ಚರ ಬೇಕಾಗುತ್ತದೆ. ಸಿದ್ಧ ಉತ್ತರ ನಡೆಯುವುದಿಲ್ಲ. ಹರಿಹರನ ರಗಳೆಯನ್ನು ಬಲ್ಲವರಿಗೆ ಇನ್ನೊಂದು ಸಂಗತಿಯೂ ನೆನಪಾಗದಿರದು. ಅಲ್ಲಿನ ಅಲ್ಲಮರು ಬಳ್ಳಿಗಾವಿಯ ಗುಡಿಯಲ್ಲಿ ಮದ್ದಳೆ ಬಾರಿಸುತ್ತಿದ್ದ ತರುಣರು. ಪ್ರಿಯೆ ಕಮಲತೆ ಸತ್ತಾಗ ಹುಚ್ಚರಂತೆ ಅಲೆದವರು. ನೆಲದಡಿಯ ಗುಡಿಯಲ್ಲಿ ಅನಿಮಿಷಯ್ಯನ ಕೈಯಿಂದ ಲಿಂಗ ದೊರೆತುದು ಆ ಅಲೆದಾಟದ ಕೊನೆಗೆ. ರೆಪ್ಪೆ ಮಿಡುಕದ ದೃಷ್ಟಿಯೇ ಗುರುವಿನ ಹೆಸರಾಗಿರುವುದು ಅರ್ಥಪೂರ್ಣವಾಗಿದೆ. ಚಾಮರಸನೂ ಸಂಪಾದನಕಾರರೂ ಪ್ರಭುದೇವರನ್ನು ಮಾಯೆಯನ್ನು ಗೆದ್ದ ನಿರ್ವಿಕಾರಿಯೆಂದು ಎತ್ತರಿಸಿದ್ದಾರೆ. ಆದರೆ ಮುಕ್ತಾಯಕ್ಕನ ಮುಂದೆ ಕುಳಿತವರು ಹರಿಹರನ ಅಲ್ಲಮರೇ ಎಂದು ಓದಿಕೊಂಡರೆ ಈ ಪ್ರಸಂಗದ ತೂಕ ಇನ್ನೂ ಹೆಚ್ಚುತ್ತದೆ. ಶೋಕವನ್ನು ತಾನೇ ದಾಟಿ ಬಂದವನ ಪ್ರಶ್ನೆ ಒರಟಾಗಿದ್ದರೂ ಇರಿಯುವುದಿಲ್ಲ.

ಅಂದು ಊಟವಾದ ಮೇಲೆ ಅಧ್ಯಾಪಕರು, ತಮ್ಮ ತರಗತಿಗೆ ಸಂಪಾದನೆಯ ಯಾವ ಭಾಗ ಹೊಂದೀತೆಂದು ವಿಚಾರಿಸಿದರು. ಮುಕ್ತಾಯಕ್ಕನ ಭಾಗವನ್ನು ಹೇಳಿದೆ. ಅದರ ಭಾಷೆ ಕಠಿನವಾದುದರಿಂದ ವಚನಗಳನ್ನು ಬಿಡಿಸಿ, ಎರಡು ದಿನ ಓದಿಸಿ, ಆ ಬಳಿಕ ಪಾತ್ರ ಹಂಚಬೇಕೆಂದೆ. ಪ್ರಭುದೇವರ ಪಾತ್ರವನ್ನು ಪ್ರತಿ ಸಲವೂ ಒಬ್ಬರಿಗೇ ಕೊಡಬಾರದೆಂದೂ ಸೇರಿಸಿದೆ. ಅಕ್ಕನ ಪ್ರಸಂಗವನ್ನು ಓದಿಸಿ, ಆಡಿಸಬೇಡಿ ಎಂದುದಕ್ಕೆ ಅವರು ಕಾರಣ ಕೇಳಿದರು. ಮೇಲಿನ ಮಾತುಗಳನ್ನೇ ಹೇಳಿದೆ. ಅವರು ಪೂರ್ತಿ ಒಪ್ಪಲಿಲ್ಲ.

ಸಂಜೆಯ ಸಭೆಯಲ್ಲಿ ಸಿದ್ಧರಾಮರ ಪ್ರಸಂಗವನ್ನು ವಿವರಿಸಿದೆ. ಮುಗಿದ ಮೇಲೆ ಮಧ್ಯಾಹ್ನದ ಆ ಹುಡುಗಿ ಎದ್ದು ನಿಂತು, ‘ಸಿದ್ಧರಾಮರು ಪ್ರಭುದೇವರ ಜೊತೆ ಕಲ್ಯಾಣಕ್ಕೆ ಹೊರಟುಹೋದರಲ್ಲ, ಸರ್, ಆ ಕೆರೆಯ ಕೆಲಸವನ್ನು ಆಮೇಲೆ ಯಾರು ಮುಂದುವರಿಸಿದರು?’ ಎಂದು ಕೇಳಿದಳು. ನಾಲ್ಕು ದಶಕ ಈ ಗ್ರಂಥವನ್ನು ಓದಿದ ನನಗೆ ಆ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. ಸೊಲ್ಲಾಪುರದಲ್ಲಿ ಕೆರೆ ಇಂದಿಗೂ ಇದೆ, ಸಿದ್ಧೇಶ್ವರನ ಗುಡಿ ಅದರ ನೀರಿನ ನಡುವೆ ಇದೆ ಎಂದಷ್ಟೇ ಹೇಳಿದೆ.

‘ಹಾಗಾದರೆ ಆ ಮಣ್ಣು ಹೊರುವವರೇ ಮುಗಿಸಿರಬೇಕು’ ಎಂದು ಹುಡುಗಿ ಕುಳಿತುಕೊಂಡಳು.